ಗಾಳಿ ಕಟ್ಟಿಸಿದ ಮನೆಗಳು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೌಂಟ್ ವಾಷಿಂಗ್ಟನ್ ಎತ್ತರದಲ್ಲಿ ನಮ್ಮ ಮುಳ್ಳಯ್ಯನಗಿರಿಗೆ ಹೆಚ್ಚುಕಡಿಮೆ ಸರಿಸಮ: 1,917 ಮೀಟರ್. ಇದೇನು ಮಹಾ ಎಂದು ಹೆಗಲಿಗೆ ಚೀಲ ಏರಿಸಿ ಹೊರಟವರು ಅಲ್ಲಿ ಸೋಲುವುದು ಬಂಡೆಗಲ್ಲ, ಗಾಳಿಗೆ. ಪಶ್ಚಿಮದಿಂದ ಬರುವ ಗಾಳಿಗೆ ಉತ್ತರ-ದಕ್ಷಿಣವಾಗಿ ಚಾಚಿದ ಬೆಟ್ಟಸಾಲು ಅಡ್ಡ ನಿಂತಿದೆ. ಅದನ್ನೇರಿ ದಾಟುವಾಗ ಗಾಳಿ ಇಕ್ಕಟ್ಟಿಗೆ ಸಿಕ್ಕಿ ಇನ್ನಷ್ಟು ರಭಸ ಪಡೆಯುತ್ತದೆ. ಸುಮಾರು 1,400 ಮೀಟರ್ ದಾಟಿದ ಮೇಲೆ ಮರವೂ ಇಲ್ಲ, ಮರೆಯೂ ಇಲ್ಲ.

ಕಣಿವೆಯಲ್ಲಿ ವಸತಿಗೃಹ ನಡೆಸುತ್ತಿದ್ದ ಏಬೆಲ್ ಕ್ರಾಫರ್ಡ್ ಮತ್ತು ಮಗ ಈಥನ್ 1819ರಲ್ಲಿ ಶಿಖರಕ್ಕೆ ಕಾಲುದಾರಿ ಕಡಿದರು. ಅತಿಥಿಗಳು ಬರಬೇಕಲ್ಲ! ಆ ದಾರಿ ಇಂದಿಗೂ ಬಳಕೆಯಲ್ಲಿದೆ. ನೆತ್ತಿಯ ಮೇಲೇ ತಂಗುವ ಏರ್ಪಾಡು ಬಂದದ್ದು 1852ರಲ್ಲಿ, ಸಮ್ಮಿಟ್ ಹೌಸ್ ಎಂಬ ಕಲ್ಲುಕಟ್ಟಡದೊಂದಿಗೆ. ಗಾಳಿ ಹೊತ್ತೊಯ್ಯದಿರಲೆಂದು ಅದರ ಚಾವಣಿಯನ್ನು ಸರಪಳಿಗಳಿಂದ ಬಿಗಿದಿದ್ದರು. ಮರುವರ್ಷ ಎದ್ದ ಟಿಪ್-ಟಾಪ್ ಹೌಸ್ ಈಗಲೂ ನಿಂತಿದೆ.

1855ರ ಸೆಪ್ಟೆಂಬರ್‌ನಲ್ಲಿ ಮೇನ್ ರಾಜ್ಯದ ಯುವತಿ ಲಿಝಿ ಬೋರ್ನ್, ಚಿಕ್ಕಪ್ಪ ಮತ್ತು ಅವರ ಮಗಳೊಂದಿಗೆ, ಮಧ್ಯಾಹ್ನ ಕಳೆದ ಮೇಲೆ ಬೆಟ್ಟ ಹತ್ತತೊಡಗಿದಳು. ಜೊತೆಗೆ ದಾರಿ ಬಲ್ಲವರಿರಲಿಲ್ಲ. ಆ ಕಾಲದ ಹೆಂಗಸರ ಉದ್ದ ಲಂಗಗಳು ಬಿರುಗಾಳಿಗೆ ಉಬ್ಬಿ ಹಿಂದಕ್ಕೆಳೆಯುವಂಥವು. ಕತ್ತಲಾಯಿತು, ಮಂಜು ಕವಿಯಿತು. ಚಿಕ್ಕಪ್ಪ ಕೈಗೆ ಸಿಕ್ಕ ಕಲ್ಲುಗಳನ್ನೇ ಪೇರಿಸಿ ಮರೆ ಕಟ್ಟಿದರು. ರಾತ್ರಿಯಲ್ಲೇ ಲಿಝಿ ತೀರಿಕೊಂಡಳು. ಬೆಳಗಾದಾಗ ನೋಡಿದರೆ, ಶಿಖರದ ಮನೆ ಕೂಗಳತೆಯ ದೂರದಲ್ಲಿತ್ತು. ಮನೆಯಿದ್ದರೆ ಸಾಲದು, ಅದು ದಾರಿಯ ತುದಿಯಲ್ಲಷ್ಟೇ ಇದ್ದರೆ ಪ್ರಯೋಜನವಿಲ್ಲ ಎಂಬುದು ಅಂದೇ ಹೊಳೆಯಬೇಕಿತ್ತು. ಹೊಳೆಯಲು ಇನ್ನೆರಡು ಜೀವ ಹೋಗಬೇಕಾಯಿತು.

1900ರ ಜೂನ್ 30. ಬೇಸಿಗೆ. ಅಪಲಾಚಿಯನ್ ಮೌಂಟನ್ ಕ್ಲಬ್‌ನ ಕೂಟ ಶಿಖರದಲ್ಲಿ ಸೇರುವುದಿತ್ತು. ಅದಕ್ಕೆಂದು ಕ್ರಾಫರ್ಡ್ ದಾರಿ ಹಿಡಿದ ವಿಲಿಯಂ ಕರ್ಟಿಸ್ ಮತ್ತು ಅಲನ್ ಆರ್ಮ್ಸ್‌ಬಿ ಹಿಮಗಾಳಿಗೆ ಸಿಕ್ಕಿ ಸತ್ತರು. ಕರ್ಟಿಸ್ ಅರವತ್ತು ದಾಟಿದ್ದರೂ ಹೆಸರಾಂತ ಕ್ರೀಡಾಪಟು. ಅಂಥವರೇ ನೆತ್ತಿ ಮುಟ್ಟಲಿಲ್ಲ. ಮರುವರ್ಷವೇ ಕ್ಲಬ್ ನಡುದಾರಿಯಲ್ಲಿ ಪುಟ್ಟ ಆಸರೆಯೊಂದನ್ನು ಕಟ್ಟಿಸಿತು. 1915ರಲ್ಲಿ ಅಲ್ಲೇ ಹತ್ತಿರ, ಎರಡು ಕೊಳಗಳ ಪಕ್ಕದಲ್ಲಿ, ‘ಲೇಕ್ಸ್ ಆಫ್ ದಿ ಕ್ಲೌಡ್ಸ್’ ತಂಗುಮನೆ ತಲೆಯೆತ್ತಿತು.

ಗಾಳಿಯ ಬಲಕ್ಕೆ ಅಂಕಿ ಸಿಕ್ಕಿದ್ದು 1934ರ ಏಪ್ರಿಲ್ 12ರಂದು. ಎರಡು ವರ್ಷ ಹಿಂದೆ ಶುರುವಾಗಿದ್ದ ಹವಾಮಾನ ವೀಕ್ಷಣಾಲಯ, ಬಂಡೆಗೆ ಸರಪಳಿ ಬಿಗಿದ ಮರದ ಕಟ್ಟಡವೊಂದರಲ್ಲಿತ್ತು. ಗಾಳಿಮಾಪಕಕ್ಕೆ ಹಿಮ ಮೆತ್ತಿದಾಗ ಸಿಬ್ಬಂದಿ ದೊಣ್ಣೆ ಹಿಡಿದು ಹೊರಗೆ ಹೋಗಿ ಒಡೆದು ಬರಬೇಕಿತ್ತು. ಅಂದು ದಾಖಲಾದ ವೇಗ ಗಂಟೆಗೆ 231 ಮೈಲಿ, ಅಂದರೆ ಸುಮಾರು 372 ಕಿಲೋಮೀಟರ್. ಈ ವಿಶ್ವದಾಖಲೆಯನ್ನು 1996ರಲ್ಲಿ ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ ಚಂಡಮಾರುತವೊಂದು ಮುರಿಯಿತು.

ಜಾರ್ಜಿಯದಿಂದ ಮೇನ್‌ವರೆಗೆ ಸಾಗುವ ಅಪಲಾಚಿಯನ್ ಟ್ರೇಲ್ ಈ ಶಿಖರವನ್ನು ಹಾದೇ ಹೋಗುತ್ತದೆ. ತಿಂಗಳುಗಟ್ಟಲೆ ನಡೆದು ಬರುವ ಚಾರಣಿಗರಲ್ಲಿ ಕೆಲವರಿಗೆ ಕ್ಲಬ್ಬಿನ ತಂಗುಮನೆಗಳು ಕಾಸಿಲ್ಲದೆ ಜಾಗ ಕೊಡುತ್ತವೆ. ಬಾಡಿಗೆಯ ಬದಲು ಪಾತ್ರೆ ತೊಳೆಯಬೇಕು, ಕಸ ಗುಡಿಸಬೇಕು, ಉಳಿದದ್ದನ್ನು ಉಣ್ಣಬೇಕು, ಊಟದ ಕೋಣೆಯ ನೆಲದ ಮೇಲೆ ಮಲಗಬೇಕು.