ಹೊಳೆದಂಡೆಯ ಬಿಡಾರಕ್ಕೆ ಗೆರೆ ಎಳೆದ ಕಥೆ

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಬೆಟ್ಟದ ಹೊಳೆಯ ಪಕ್ಕ ಬಿಡಾರ ಹೂಡುವ ತಾಣಗಳು ಬಹುಮಟ್ಟಿಗೆ ಒಂದೇ ಬಗೆಯವು. ಸುತ್ತಿ ಬರುವ ಏಕಮುಖ ಕಿರುದಾರಿ, ಅದರಿಂದ ಓರೆಯಾಗಿ ಕವಲೊಡೆದ ಕಾರು ನಿಲ್ಲಿಸುವ ಜಾಗ, ಅದರಾಚೆ ಅಡ್ಡವಿಟ್ಟ ಬಂಡೆಗಳು, ಅಲುಗದಂತೆ ಕೂರಿಸಿದ ಮೇಜು, ಕಟ್ಟಿದ ಒಲೆ, ಒಂದು ನಂಬರು. ಕಾಡಿನ ಸ್ವಾತಂತ್ರ್ಯ ಬಯಸಿ ಬಂದವರಿಗೆ ಇದು ಇಲಾಖೆಯ ಕಟ್ಟುಪಾಡಾಗಿ ಕಾಣಬಹುದು. ಆದರೆ ಈ ಏರ್ಪಾಡು ಹುಟ್ಟಿದ ಕಥೆ ನೋಡಿದರೆ, ಹೊಳೆದಂಡೆಯ ಮರಗಳೂ ಅವುಗಳಡಿ ಮಲಗುವ ಸಾಮಾನ್ಯ ಜನರ ಹಕ್ಕೂ ಒಟ್ಟಿಗೆ ಉಳಿದದ್ದು ಈ ಕಟ್ಟುಪಾಡಿನಿಂದಲೇ ಎಂದು ಒಪ್ಪಬೇಕಾಗುತ್ತದೆ. ಅದರ ಕೊರತೆ ಬೇರೆ ಕಡೆ ಇದೆ. ನೆಲವನ್ನು ಅಷ್ಟು ಸೂಕ್ಷ್ಮವಾಗಿ ಓದಿದವರು ಹೊಳೆಯನ್ನು ಅಷ್ಟೇ ಎಚ್ಚರದಿಂದ ಓದಲಿಲ್ಲ.

ರಾಷ್ಟ್ರೀಯ ಅರಣ್ಯವೆಂದರೆ ರಾಷ್ಟ್ರೀಯ ಉದ್ಯಾನವಲ್ಲ. ನಮ್ಮ ಮೀಸಲು ಅರಣ್ಯಕ್ಕೆ ಹತ್ತಿರದ್ದು. 1891ರ ಕಾಯ್ದೆ ಕಾಡುಗಳನ್ನು ಮೀಸಲಿಡುವ ಅಧಿಕಾರ ಕೊಟ್ಟಿತು. 1897ರ ಕಾಯ್ದೆ ಅವುಗಳ ಉದ್ದೇಶವನ್ನು ಮರಮುಟ್ಟು ಮತ್ತು ನೀರಿನ ಹರಿವು ಎಂದು ಹೇಳಿತು. 1905ರಲ್ಲಿ ಅರಣ್ಯ ಸೇವೆಯನ್ನು ಕಟ್ಟಿದ ಗಿಫರ್ಡ್ ಪಿಂಚೋಗೆ ಗುರುವಿನಂತಿದ್ದವರು ಡೀಟ್ರಿಕ್ ಬ್ರಾಂಡಿಸ್, ಅಂದರೆ ಬ್ರಿಟಿಷ್ ಭಾರತದ ಅರಣ್ಯ ಇಲಾಖೆಗೆ ಅಡಿಪಾಯ ಹಾಕಿದವರೇ. ಇಂಥ ಪರಂಪರೆಯಲ್ಲಿ ವಿಹಾರಕ್ಕೆ ಜಾಗವಿರಲಿಲ್ಲ. ಅದನ್ನು ಒಳಗೆ ತಂದದ್ದು ಕಾರು. ಓರೆಗಾನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ಕಣಿವೆಗುಂಟ ಹೆದ್ದಾರಿ ಬಂದಾಗ ಪೋರ್ಟ್‌ಲೆಂಡ್ ನಗರದ ಜನ ವಾರಾಂತ್ಯಕ್ಕೆ ಕಾಡಿನತ್ತ ಹೊರಟರು. 1916ರಲ್ಲಿ ಅರಣ್ಯ ಸೇವೆ ಅಲ್ಲಿಯ ಈಗಲ್ ಕ್ರೀಕ್ ಎಂಬ ಹೊಳೆಯ ಬಳಿ ಮೇಜು, ಶೌಚಾಲಯಗಳಿರುವ ಬಿಡಾರದ ತಾಣ ಕಟ್ಟಿತು. ಈ ಬಗೆಯ ತಾಣಗಳಲ್ಲಿ ಅದೇ ಮೊದಲನೆಯದೆಂದು ಎಣಿಕೆ. ಅದೇ ವರ್ಷ ರಾಷ್ಟ್ರೀಯ ಉದ್ಯಾನ ಸೇವೆಯೂ ಹುಟ್ಟಿದ್ದರಿಂದ, ಜನ ಮೆಚ್ಚಿದ ಜಾಗಗಳು ಆ ಹೊಸ ಸಂಸ್ಥೆಯ ಪಾಲಾದಾವೆಂಬ ಆತಂಕವೂ ಅರಣ್ಯ ಸೇವೆಗಿತ್ತು. 1919ರಲ್ಲಿ ಅದು ಆರ್ಥರ್ ಕಾರ್ಹಾರ್ಟ್ ಎಂಬ ಭೂದೃಶ್ಯ ವಿನ್ಯಾಸಕರನ್ನು ನೇಮಿಸಿಕೊಂಡಿತು. ಕೊಲರಾಡೋದ ಸ್ಯಾನ್ ಇಸಬೆಲ್ ಅರಣ್ಯದ ಸ್ಕ್ವಿರಲ್ ಕ್ರೀಕ್ ಕಣಿವೆಯಲ್ಲಿ ಅವರು ಯೋಜಿಸಿದ ಬಿಡಾರಗಳಿಗೆ ಸರ್ಕಾರದ ಹಣ ಸಿಗದೆ, ಪ್ವೆಬ್ಲೋ ನಗರದ ನಾಗರಿಕರ ಸಂಘವೇ ಹಣ ಕೂಡಿಸಿತು. ವಿಹಾರ ಕಾಡಿನ ನ್ಯಾಯವಾದ ಉಪಯೋಗ ಎಂದು ಸಂಸತ್ತಿಗಿಂತ ಮೊದಲು ಒಪ್ಪಿದವರು ಜನ.

ಜನ ಒಪ್ಪಿದ್ದೇ ಕಾಡಿಗೆ ಕಂಟಕವಾಗತೊಡಗಿತು. ಕಾರು ಹೊಳೆಯ ಅಂಚಿನವರೆಗೂ ಹೋಗುತ್ತಿತ್ತು. ನೆರಳಿದ್ದಲ್ಲಿ ಡೇರೆ, ತೋಚಿದಲ್ಲಿ ಬೆಂಕಿ. ಯಾರೂ ಕೊಡಲಿ ಎತ್ತದಿದ್ದರೂ ಅತ್ಯಂತ ಜನಪ್ರಿಯ ತಾಣಗಳಲ್ಲೇ ಮರಗಳು ಸೊರಗುತ್ತಿದ್ದವು. ಇದರ ಕಾರಣ ಬಿಡಿಸಿ ಹೇಳಿದವರು ಕ್ಯಾಲಿಫೋರ್ನಿಯಾದಲ್ಲಿದ್ದ ಸಸ್ಯರೋಗ ತಜ್ಞ ಎಮಿಲಿಯೋ ಮೈನೆಕೆ. 1920ರ ದಶಕದ ಕೊನೆಯಲ್ಲಿ ರೆಡ್‌ವುಡ್ ಮರಗಳ ಮೇಲೆ ಪ್ರವಾಸಿಗರ ಓಡಾಟದ ಪರಿಣಾಮವನ್ನು ಅವರು ಅಧ್ಯಯನ ಮಾಡಿದರು. ಮರಕ್ಕೆ ನೀರುಣಿಸುವ ಎಳೆಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಕಾಲು ತುಳಿದು, ಚಕ್ರ ಉರುಳಿ ಮಣ್ಣು ಗಟ್ಟಿಯಾದರೆ ಗಾಳಿ, ನೀರು ಇಳಿಯುವುದಿಲ್ಲ. ಎಳೆಯ ಸಸಿಗಳು ಏಳುವುದಿಲ್ಲ. ಮರ ಕೂಡಲೇ ಸಾಯುವುದಿಲ್ಲ, ವರ್ಷಗಟ್ಟಲೆ ಕುಂದುತ್ತದೆ. ಹೀಗಾಗಿ ಒಂದು ರಾತ್ರಿ ತಂಗಿ ಹೋದವರಿಗೆ ತಾವೇನೋ ಹಾಳುಮಾಡಿದೆವೆಂಬ ಅರಿವೇ ಇರುವುದಿಲ್ಲ. ಇಲ್ಲಿ ಒಳ್ಳೆಯ ನಡತೆಯ ಉಪದೇಶ ಸಾಲದು, ಏಕೆಂದರೆ ಅತ್ಯಂತ ಸಭ್ಯರ ಪಾದವೂ ಮಣ್ಣನ್ನು ಅಷ್ಟೇ ಒತ್ತುತ್ತದೆ. ಮೈನೆಕೆ ಹೇಳಿದ ದಾರಿ ಎರಡು ಸಂಗತಿಗಳ ಮೇಲೆ ನಿಂತಿತ್ತು: ಕಾರನ್ನು ಬಂಡೆ, ದಿಮ್ಮಿಗಳಿಂದ ಒಂದೇ ಕಡೆ ಕಟ್ಟಿಹಾಕುವುದು, ಮೇಜು, ಒಲೆಗಳನ್ನು ಕದಲದಂತೆ ನಿಲ್ಲಿಸಿ ಜನರ ಓಡಾಟ ತಾನಾಗಿ ಅವುಗಳ ಸುತ್ತಲೇ ಉಳಿಯುವಂತೆ ಮಾಡುವುದು. ನಡುವಿನ ನೆಲ, ಪೊದೆಗಳು ತುಳಿತಕ್ಕೆ ಸಿಗದೆ ಉಳಿಯುತ್ತವೆ. 1933ರಿಂದ 1942ರವರೆಗೆ ನಿರುದ್ಯೋಗಿ ಯುವಕರಿಗೆ ಕೆಲಸ ಕೊಟ್ಟ ನಾಗರಿಕ ಸಂರಕ್ಷಣಾ ದಳದ ಕೈಯಿಂದ ಈ ನಕ್ಷೆ ದೇಶದ ಉದ್ದಗಲಕ್ಕೂ ಹರಡಿತು.

ಸೌಲಭ್ಯ ಕಟ್ಟಿದ್ದರಿಂದಲೇ ಜನ ಹೆಚ್ಚಿದರು, ಕಾಡು ಪೇಟೆಯಾಯಿತು ಎಂಬ ಆಕ್ಷೇಪವಿದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಜನ ಮೊದಲು ಬಂದರು, ನಕ್ಷೆ ಆಮೇಲೆ ಬಂತು. ಗೆರೆ ಎಳೆಯದಿದ್ದರೆ ಉಳಿಯುತ್ತಿದ್ದ ಮದ್ದು ಬಾಗಿಲು ಮುಚ್ಚುವುದೊಂದೇ, ಆಗ ಕಾಡು ಸ್ವಂತ ಬಂಗಲೆಯುಳ್ಳವರ ಸೊತ್ತಾಗುತ್ತಿತ್ತು. ನಡೆದು ಹೋಗಿ ದೂರದಲ್ಲಿ ತಂಗಬಯಸುವವರಿಗೆ ಈ ಅರಣ್ಯಗಳ ಹೆಚ್ಚಿನ ಭಾಗ ಇಂದಿಗೂ ತೆರೆದೇ ಇದೆ. ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದು: ಈ ದಂಡೆಗಳಲ್ಲಿ ಸಾವಿರಾರು ವರ್ಷ ಬೀಡುಬಿಟ್ಟು ಸಾಲ್ಮನ್ ಮೀನು ಹಿಡಿದ, ಹಣ್ಣು ಆಯ್ದ ಮೂಲನಿವಾಸಿಗಳನ್ನು ಸರಿಸಿದ ಮೇಲೆಯೇ ಇದು 'ಸಾರ್ವಜನಿಕ' ನೆಲವಾಯಿತು. ಇದಕ್ಕೆ ಎದುರುತ್ತರವಿಲ್ಲ. 1932ರಲ್ಲಿ ಕೊಲಂಬಿಯಾ ನದಿಯ ಉತ್ತರದ ಅರಣ್ಯದಲ್ಲಿ ಹಕಲ್‌ಬೆರಿ ಹಣ್ಣಿಗಾಗಿ ಹೊರಗಿನವರು ಮುಗಿಬಿದ್ದಾಗ, ಯಾಕಮಾ ಜನರ ನಾಯಕ ವಿಲಿಯಂ ಯಾಲಪ್ ಅರಣ್ಯಾಧಿಕಾರಿಯೊಡನೆ ಕೈಕುಲುಕಿ ಒಂದು ಒಪ್ಪಂದ ಮಾಡಿಕೊಂಡರು. ಹಣ್ಣಿನ ಬಯಲಿನ ಒಂದು ಪಾಲು ಅವರ ಜನರಿಗೇ ಮೀಸಲಾಯಿತು. ಆದ ಅನ್ಯಾಯಕ್ಕೆ ಅದು ಪರಿಹಾರವಲ್ಲ. ಗೆರೆ ಎಳೆಯುವಾಗ ಅಲ್ಲಿ ಮೊದಲೇ ಇದ್ದವರನ್ನು ಕೇಳಲು ಸಾಧ್ಯವಿತ್ತು ಎಂಬುದಕ್ಕಂತೂ ಅದು ಸಾಕ್ಷಿ.

ಇನ್ನು ನೀರು. ಬೆಟ್ಟದ ಕಣಿವೆಯಲ್ಲಿ ಕಾರು, ಡೇರೆ, ಮೇಜು ಮೂರಕ್ಕೂ ಒಗ್ಗುವ ಸಮತಟ್ಟು ನೆಲ ಸಿಗುವುದು ಹೊಳೆ ತಾನೇ ಹೂಳು ತಂದು ಹರಡಿದ ಕಡೆ, ಅಂದರೆ ನೆರೆ ಬಂದಾಗ ಅದು ಮತ್ತೆ ಹರಡಿಕೊಳ್ಳುವ ಕಡೆ. ಕಾರ್ಹಾರ್ಟ್ ಯೋಜಿಸಿದ ಸ್ಕ್ವಿರಲ್ ಕ್ರೀಕ್ ತಾಣಕ್ಕೇ 1947ರ ನೆರೆ ದೊಡ್ಡ ಹಾನಿ ಮಾಡಿತು. 2010ರ ಜೂನ್ 11ರ ನಸುಕಿನಲ್ಲಿ ಆರ್ಕನ್ಸಾ ರಾಜ್ಯದ ವಾಶಿಟಾ ಅರಣ್ಯದಲ್ಲಿ ಲಿಟಲ್ ಮಿಸೌರಿ ನದಿ ಕೆಲವೇ ಗಂಟೆಗಳಲ್ಲಿ ಸುಮಾರು 20 ಅಡಿ ಏರಿ, ಆಲ್ಬರ್ಟ್ ಪೈಕ್ ತಾಣದಲ್ಲಿ ಮಲಗಿದ್ದವರಲ್ಲಿ 20 ಮಂದಿಯನ್ನು ಕೊಂಡೊಯ್ದಿತು. ಹೊಳೆಯ ಪಕ್ಕ ಮಲಗುವವರು ತಾವೇ ಎಚ್ಚರವಾಗಿರಬೇಕು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಜಾಗವನ್ನು ತಾನೇ ಆರಿಸಿಕೊಳ್ಳುವವನು ಮರದ ಬೊಡ್ಡೆಯಲ್ಲಿ ಸಿಕ್ಕಿಬಿದ್ದ ಹಳೆಯ ನೆರೆಯ ಕಸವನ್ನು ನೋಡಿ ಮೇಲಕ್ಕೆ ಸರಿದಾನು. ಕತ್ತಲಾದ ಮೇಲೆ ಬಂದು ನಂಬರು ಹಚ್ಚಿದ ಜಾಗದಲ್ಲಿ ಮಕ್ಕಳನ್ನು ಮಲಗಿಸುವ ಸಂಸಾರ ಆ ನಂಬರನ್ನು ನಂಬುತ್ತದೆ. ಆ ದುರಂತದ ಬಳಿಕ ಆಲ್ಬರ್ಟ್ ಪೈಕ್‌ನಲ್ಲಿ ರಾತ್ರಿ ತಂಗುವುದನ್ನು ನಿಲ್ಲಿಸಲಾಯಿತು. ನೆರೆಯ ಬಯಲಿನಲ್ಲಿರುವ ಉಳಿದ ಹಳೆಯ ತಾಣಗಳನ್ನೂ, ಅವು ಎಷ್ಟೇ ಚೆಲುವಾಗಿರಲಿ, ಎಷ್ಟೇ ಬೇಡಿಕೆಯಿರಲಿ, ಮೇಲಿನ ನೆಲಕ್ಕೆ ಸರಿಸಬೇಕು. ಜಾಗ ಆರಿಸಿಕೊಟ್ಟ ಇಲಾಖೆಯೇ ಆ ಖರ್ಚನ್ನೂ ಹೊರಬೇಕು.