ಕೈಯಿಂದ ಕೈಗೆ ಬಂದ ಸುತ್ತು

ಪುಸ್ತಕ ಓದಿ ಕಲಿಯಲಾಗದ ವಿದ್ಯೆಗಳು ಕೆಲವುಂಟು. ಅಮೆರಿಕದ ಜನಪದ ಕುಣಿತದಲ್ಲಿ ‘ಸ್ವಿಂಗ್’ ಎಂದು ಹೆಸರಾದ ಸುತ್ತು ಅಂಥದೊಂದು. ಜೊತೆಗಾರರಿಬ್ಬರು ಒಬ್ಬರನ್ನೊಬ್ಬರು ಹಿಡಿದು ನಿಂತಲ್ಲೇ ಬುಗುರಿಯಂತೆ ತಿರುಗುವುದೇ ಸ್ವಿಂಗ್. ನೋಡುವವರಿಗೆ ಸುಲಭ; ಹೊಸಬರಿಗೆ ತಲೆಸುತ್ತು!

ಇದರ ಪೂರ್ವಕಥೆ ಇಂಗ್ಲೆಂಡಿನದು. 1651ರಲ್ಲಿ ಜಾನ್ ಪ್ಲೇಫರ್ಡ್ ಎಂಬಾತ ಲಂಡನ್ನಿನಲ್ಲಿ ನೂರಕ್ಕೂ ಮಿಕ್ಕಿದ ಕುಣಿತಗಳ ಪುಸ್ತಕವನ್ನು ಅಚ್ಚುಹಾಕಿಸಿದ. ಆ ಕುಣಿತಗಳಲ್ಲಿ ಜೊತೆಗಾರರು ಕೈಹಿಡಿದು ಸುತ್ತುವರು, ಅಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಲ್ಟ್ಸ್ ನೃತ್ಯ ಹಬ್ಬಿದ ಮೇಲೆ ಅದರ ನಿಕಟವಾದ ಹಿಡಿತ ಹಳ್ಳಿಗರ ಕುಣಿತಕ್ಕೂ ಇಳಿದುಬಂತು.

ನ್ಯೂ ಇಂಗ್ಲೆಂಡಿನ ರೈತರು ಅಡುಗೆಮನೆಯ ಸಾಮಾನುಗಳನ್ನು ಸರಿಸಿ ಅಲ್ಲಿಯೇ ಕುಣಿಯುತ್ತಿದ್ದ ಕಾಲದಲ್ಲಿ ಇದಕ್ಕೆ ಬೇರೆ ಪಾಠಶಾಲೆ ಬೇಕಿರಲಿಲ್ಲ. ಹೊಸಬನನ್ನು ಬಲ್ಲವರ ನಡುವೆ ನಿಲ್ಲಿಸಿದರೆ ಸಾಕು, ನೆರೆಹೊರೆಯವರ ಕೈಗಳೇ ಅವನಿಗೆ ಗುರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಪಟ್ಟಣದ ಹೊಸ ನೃತ್ಯಗಳು ಬಂದವು. ಹಳೆಯ ಕೂಟಗಳು ಕ್ಷೀಣಿಸಿದವು. ಕಲಿಸುವ ಕೈಗಳೇ ಇಲ್ಲವಾದರೆ ವಿದ್ಯೆ ಉಳಿಯುವುದೆಂತು?

ಆಗ ಮುಂದೆ ಬಂದವರಲ್ಲಿ ಉಪಾಧ್ಯಾಯರೊಬ್ಬರಿದ್ದರು. ಕೊಲರಾಡೋ ಸ್ಪ್ರಿಂಗ್ಸಿನ ಶಾಲೆಯ ಮುಖ್ಯಸ್ಥರಾಗಿದ್ದ ಲಾಯ್ಡ್ ಶಾ ಅವರು ಪಶ್ಚಿಮ ಪ್ರಾಂತದ ಕುಣಿತಗಳನ್ನು ಕಲೆಹಾಕಿ, ವಿದ್ಯಾರ್ಥಿಗಳಿಗೆ ಕಲಿಸಿ, 1939ರಲ್ಲಿ ‘ಕೌಬಾಯ್ ಡ್ಯಾನ್ಸಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬರೆದು ಸುಮ್ಮನಾಗಲಿಲ್ಲ; ಬೇಸಿಗೆಯ ತರಗತಿಗಳಲ್ಲಿ ಇತರ ಶಿಕ್ಷಕರನ್ನು ಕುಣಿಸಿಯೇ ಕಲಿಸಿದರು.

ಹೊಸಬರಿಗೆ ಹೇಳುವ ಪಾಠವಾದರೂ ಏನು? ಇಬ್ಬರ ಬಲಪಾದಗಳೂ ಅಕ್ಕಪಕ್ಕದಲ್ಲಿರಲಿ. ಎಡಪಾದದಿಂದ ನೆಲವನ್ನು ಹಿಂದಕ್ಕೆ ತಳ್ಳಿ, ಮಕ್ಕಳು ಒಂಟಿಗಾಲಲ್ಲಿ ತಳ್ಳುಗಾಡಿ ಓಡಿಸುವ ಹಾಗೆ. ಗೋಡೆಯನ್ನು ನೋಡಬೇಡಿ, ಜೊತೆಗಾರರ ಮುಖವನ್ನು ನೋಡಿ, ತಲೆಸುತ್ತು ಕಡಿಮೆಯಾದೀತು. ತುಸುವೇ ಹಿಂದಕ್ಕೆ ವಾಲಿ, ಆದರೆ ಜೋತುಬೀಳಬೇಡಿ. ಒಬ್ಬರ ಭಾರಕ್ಕೆ ಇನ್ನೊಬ್ಬರ ಭಾರ ಸರಿದೂಗಿದಾಗ ಸುತ್ತು ಹಗುರವಾಗುತ್ತದೆ. ಈ ಕಡೆಯ ಮಾತು ಬಾಯಲ್ಲಿ ಹೇಳಿದರೆ ತಿಳಿಯದು. ಬಲ್ಲವರೊಡನೆ ಒಮ್ಮೆ ತಿರುಗಿದರೆ ಮೈಗೇ ತಿಳಿಯುತ್ತದೆ.

ಆದ್ದರಿಂದಲೇ ಇಂದಿಗೂ ಅಮೆರಿಕದ ಅನೇಕ ಊರುಗಳಲ್ಲಿ ಕೂಟಕ್ಕೆ ಮುನ್ನ ಅರ್ಧ ಗಂಟೆ ಹೊಸಬರಿಗೆ ಪಾಠವಿರುತ್ತದೆ. ಬಳಿಕ ನುರಿತವರು ಹೊಸಬರನ್ನೇ ಜೊತೆಗೆ ಕರೆಯಬೇಕೆಂಬ ಸಂಪ್ರದಾಯವೂ ಉಂಟು. ನುರಿತವರು ತಮ್ಮತಮ್ಮಲ್ಲೇ ಕುಣಿದರೆ ಕುಣಿತವೇನೋ ಸೊಗಸಾದೀತು, ಆದರೆ ಮುಂದಿನ ತಲೆಮಾರಿಗೆ ದಾಟದು. ವಾಚಕರೇ, ಅಚ್ಚಿನ ಹಾಳೆ ಹೆಜ್ಜೆಗಳ ಕ್ರಮವನ್ನು ಕಾಪಾಡಬಲ್ಲುದು. ಭಾರದ ಹದವನ್ನು ಕಾಪಾಡುವುದು ಅರಿಯದವನತ್ತ ಅರಿತವನು ನೀಡಿದ ಕೈ.