ರೞಾಕ್ಷರವೂ ಮೊಬೈಲಿನ ಲಿಪಿಸಂಕೇತವೂ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಹಳಗನ್ನಡ ಶಾಸನಗಳಲ್ಲಿ ದತ್ತಿಯನ್ನು ಕೆಡಿಸಿದವನಿಗೆ ಶಾಪವಿಡುವಲ್ಲಿ ಬರುವ ‘ಅೞಿ’ ಧಾತುವಿನಲ್ಲಿರುವುದು ರೞ. ಅದನ್ನು ‘ಅಳಿ’ ಎಂದು ಬರೆದರೆ ಆ ಭಾಷೆಯಲ್ಲಿ ದುಂಬಿಯಾದೀತು. ಇಂತಹ ಪಾಠವು ಒಂದು ಮೊಬೈಲಿನಿಂದ ಮತ್ತೊಂದಕ್ಕೆ ಕೆಡದೆ ಮುಟ್ಟಬೇಕಾದರೆ ಎರಡು ಯಂತ್ರಗಳೂ ಪ್ರತಿಯೊಂದು ಅಕ್ಷರಕ್ಕೆ ಒಂದೇ ಸಂಖ್ಯೆಯನ್ನು ಒಪ್ಪಿರಬೇಕು. ಈ ಒಪ್ಪಂದವನ್ನು ಗೊತ್ತುಪಡಿಸುವುದು ಸಮಿತಿಗಳ ಕೆಲಸ.

೧೯೯೧ರಲ್ಲಿ ಮೊದಲು ಹೊರಬಂದ ಯೂನಿಕೋಡ್, ಭಾರತೀಯ ಲಿಪಿಗಳ ವಿಷಯದಲ್ಲಿ ೧೯೮೮ರ ಇಸ್ಕಿ ಸಂಕೇತವನ್ನು ಅನುಸರಿಸಿತು. ಅದರ ಕನ್ನಡ ಪಟ್ಟಿಯಲ್ಲಿ ೞಕಾರಕ್ಕೆ ಸಂಖ್ಯೆಯೇನೋ ದೊರೆಯಿತು. ಹೆಸರು ಮಾತ್ರ ಇಂಗ್ಲಿಷಿನ ಎಫ್ ಧ್ವನಿಯ ‘ಫ಼’ ಎಂದು ಬಿದ್ದಿತು! ಕೇಶಿರಾಜನು ಕುಳ, ಕ್ಷಳಗಳಿಂದ ಬೇರ್ಪಡಿಸಿ ವಿವರಿಸಿದ ಅಕ್ಷರಕ್ಕೆ ಈ ಗತಿ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಮಂಡಲಿಯ ನಿಯಮ. ಅದನ್ನು ನಂಬಿದ ಯಂತ್ರಗಳು ಎಡವಬಾರದಷ್ಟೆ. ಆದುದರಿಂದ ತಪ್ಪನ್ನು ಉಳಿಸಿಕೊಂಡೇ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದರು.

ಭಾರತೀಯ ಮಾನಕ ಸಂಸ್ಥೆಯ ೧೬೩೩೩ನೆಯ ಮಾನಕದ ಮೂರನೆಯ ಭಾಗವು ೨೦೧೬ರಲ್ಲಿ, ಮೊಬೈಲುಗಳು ೨೨ ಭಾಷೆಗಳ ಸಂದೇಶಗಳನ್ನೂ ಓದಲು ಬರುವಂತೆ ತೋರಿಸತಕ್ಕದ್ದೆಂದು ವಿಧಿಸಿತು. ಬರೆಯುವುದಕ್ಕಾದರೋ ಇಂಗ್ಲಿಷ್, ಹಿಂದಿಗಳೊಡನೆ ಇನ್ನೊಂದು ಭಾಷೆ ಸಾಕೆಂದಿತು.